ಹಿಮದ ನಾಡಿನ ಕೋಳಿಗೂಡಿಗೆ ಬೇಕಾದದ್ದು ದೀಪವಲ್ಲ, ಗಾಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಕನ್ನಡಿಗರು ಹಿತ್ತಲಲ್ಲಿ ಕೋಳಿ ಸಾಕುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಚಳಿಗಾಲದಲ್ಲಿ ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿ ಒಳಗೆ ಬಿಸಿದೀಪ ತೂಗುಹಾಕಬೇಕೆಂಬ ಸಲಹೆಯನ್ನು ಮಿನ್ನೆಸೋಟಾ, ಮಿಷಿಗನ್ ಕಡೆಯವರು ಹಾಗೇ ಪಾಲಿಸಿದರೆ ಕೋಳಿಗಳ ಗತಿ ಕಷ್ಟ.

ಅಲ್ಲಿ ಕೋಳಿಗೆ ಚಳಿಗಿಂತ ದೊಡ್ಡ ಶತ್ರು ತೇವ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಒಣ ಜಾಗದಲ್ಲಿ ಗರಿ ಉಬ್ಬಿಸಿ ಕೂತರೆ ಪ್ಲಿಮತ್ ರಾಕ್, ವಯಾಂಡಾಟ್‌ನಂಥ ತಳಿಗಳು ಮೈನಸ್ 20 ಡಿಗ್ರಿಯನ್ನೂ ತಡೆದುಕೊಳ್ಳುತ್ತವೆ. ಆದರೆ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು, ಉಸಿರಿನ ಆವಿ ಬೇರೆ. ಮುಚ್ಚಿದ ಗೂಡಿನಲ್ಲಿ ಇದು ಹೊರಹೋಗದೆ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ಜುಟ್ಟಿನ ತುದಿ ಮೊದಲು ಬಿಳಿಚಿಕೊಂಡು, ಆಮೇಲೆ ಕಪ್ಪಾಗಿ ಒಣಗಿ ಉದುರುತ್ತದೆ. ಬೆಳಗ್ಗೆ ಕಿಟಕಿ ಗಾಜಿನ ಒಳಮೈಗೆ ಹಿಮ ಕಟ್ಟಿದ್ದರೆ, ಬಾಗಿಲು ತೆರೆದೊಡನೆ ಅಮೋನಿಯಾ ಘಾಟು ಮೂಗಿಗೆ ಹೊಡೆದರೆ, ಗಾಳಿ ಸಾಲುತ್ತಿಲ್ಲ. ಮಳೆಗಾಲದಲ್ಲಿ ಟಾರ್ಪಾಲು ಬಿಗಿದ ಮಲೆನಾಡಿನ ಕೋಳಿಮನೆ ಹೊಕ್ಕವರಿಗೆ ಈ ಘಾಟು ಹೊಸದೇನಲ್ಲ.

ಹಾಗಾಗಿ ಗೂಡು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸೂರಿನಡಿಯ ಗಾಳಿಕಿಂಡಿ. ಅದು ಕೋಳಿ ಕೂರುವ ಪಟ್ಟಿಗಿಂತ ಒಂದಡಿಯಾದರೂ ಮೇಲೆ, ಎದುರುಬದುರು ಗೋಡೆಗಳಲ್ಲಿರಬೇಕು. ಗಾಳಿ ತಲೆಯ ಮೇಲಿಂದ ಹಾದುಹೋಗಬೇಕು, ಮೈಗೆ ಬಡಿಯಬಾರದು. ಕೋಳಿಗೊಂದು ಚದರಡಿ ಕಿಂಡಿ ಎಂಬುದು ಹಿತ್ತಲ ಸಾಕಣೆಗಾರರ ಲೆಕ್ಕ. ಹಿಮಗಾಳಿ ಬೀಸಿದಾಗ ಆ ದಿಕ್ಕಿನದನ್ನು ಮಾತ್ರ ಹಲಗೆಯಿಂದ ಮುಚ್ಚಿ, ಎರಡನ್ನೂ ಬೇಡ. ಕಿಂಡಿಗೆ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯೇ ಆಗಬೇಕು. ತೆಳು ತಂತಿಯ ಕೋಳಿಬಲೆಯನ್ನು ರಕೂನ್ ಎಂಬ ಅಲ್ಲಿನ ಕಾಡುಪ್ರಾಣಿ ಹರಿದುಹಾಕುತ್ತದೆ.

‘8 ಕೋಳಿಗೆ’ ಎಂದು ಆನ್‌ಲೈನಿನಲ್ಲಿ ಮಾರುವ ಗೂಡಿನ ನೆಲವನ್ನು ಅಳೆದೇ ನೋಡಿ. ಮೊಟ್ಟೆ ಪೆಟ್ಟಿಗೆ ಬಿಟ್ಟು 4 ಅಡಿಗೆ 3 ಅಡಿ ಇದ್ದರೆ ಅದು ಮೂರೇ ಕೋಳಿಯ ಗೂಡು. ಕೋಳಿಗೆ ಕನಿಷ್ಠ 4 ಚದರಡಿ ಬೇಕು. ಹಿಮ ಬಿದ್ದಾಗ ಅವು ದಿನಗಟ್ಟಲೆ ಹೊರಗೆ ಕಾಲಿಡುವುದಿಲ್ಲವಾದ್ದರಿಂದ 6 ಇದ್ದರೆ ಒಳ್ಳೆಯದು. ಇಕ್ಕಟ್ಟಾದರೆ ಒಂದರ ಗರಿ ಇನ್ನೊಂದು ಕೀಳುತ್ತದೆ.

ಕೂರುವ ಪಟ್ಟಿಗೆ 2x4 ಅಂಗುಲದ ಮರವನ್ನು ಅಗಲ ಮೈ ಮೇಲಾಗಿ ಮಲಗಿಸಿ. ಹಾಗೆ ಕೂತಾಗ ಬೆರಳುಗಳು ಎದೆಗರಿಯಡಿ ಮುಚ್ಚಿಕೊಳ್ಳುತ್ತವೆ. ಕಬ್ಬಿಣದ ಪೈಪು ಬೇಡವೇ ಬೇಡ. ಪಟ್ಟಿಯ ಕೆಳಗೊಂದು ಹಲಗೆಯಿಟ್ಟು ರಾತ್ರಿಯ ಹಿಕ್ಕೆಯನ್ನು ದಿನಾ ಬೆಳಗ್ಗೆ ಕೆರೆದು ತೆಗೆದರೆ ತೇವದ ದೊಡ್ಡ ಪಾಲು ಅಲ್ಲಿಗೇ ಹೋಯಿತು. ನೆಲಕ್ಕೆ ಪೈನ್ ಮರದ ಹೆರೆಪುಡಿ 6ರಿಂದ 8 ಅಂಗುಲ. ಗೋಡೆಗೆ ಥರ್ಮೋಕೋಲ್ ಹಾಕಿಸುವುದಾದರೆ ಮೇಲೆ ಪ್ಲೈವುಡ್ ಹೊಡೆಸಿ, ಇಲ್ಲವಾದರೆ ಕೋಳಿಗಳು ಅದನ್ನೇ ಕುಕ್ಕಿ ತಿನ್ನುತ್ತವೆ.

ಚಾವಣಿಯ ವಿಷಯ ಲೇಖನದಲ್ಲಿ ಬರಲೇ ಇಲ್ಲ. ಒಂದಡಿ ಒದ್ದೆ ಹಿಮ ಚದರಡಿಗೆ 20 ಪೌಂಡ್ ತೂಗಬಹುದು. ಅಂದರೆ 4x6 ಅಡಿಯ ಚಾವಣಿಯ ಮೇಲೆ ಸುಮಾರು 215 ಕಿಲೋ. ಸ್ಟೇಪಲ್ ಪಿನ್ನಿನಲ್ಲಿ ಕೂಡಿಸಿದ ತೆಳು ಹಲಗೆ ಇದಕ್ಕೆ ನಿಲ್ಲುವುದಿಲ್ಲ. ಅಡಿಗೆ 6 ಅಂಗುಲ ಏರಿರುವ ತಗಡಿನ ಮಾಡು ಇರಲಿ, ಹಿಮ ತಾನೇ ಜಾರುತ್ತದೆ. ಅದು ಜಾರಿ ಬೀಳುವ ಕಡೆ ಮಾತ್ರ ಬಾಗಿಲಿರಬಾರದು. ಹೊರಕ್ಕೆ ತೆರೆಯುವ ಉದ್ದ ಬಾಗಿಲು ರಾತ್ರಿ ಬಿದ್ದ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲೆ ಕೆಳಗೆ ಎರಡು ತುಂಡಾದ ಬಾಗಿಲು ವಾಸಿ. ಗೂಡು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿರಲಿ.

ಇನ್ನು ಆ 250 ವ್ಯಾಟಿನ ದೀಪ. ಒಣ ಹೆರೆಪುಡಿ, ಧೂಳು, ರೆಕ್ಕೆ ಬಡಿಯುವ ಕೋಳಿಗಳ ನಡುವೆ ಅದು ಬಿದ್ದರೆ ಗೂಡೇ ಸುಟ್ಟುಹೋಗುತ್ತದೆ. ಬೀಳದಿದ್ದರೂ, ಬಿಸಿಗೆ ಒಗ್ಗಿದ ಕೋಳಿಗಳು ಹಿಮಗಾಳಿಯ ರಾತ್ರಿ ಕರೆಂಟು ಹೋದಾಗ ಒಮ್ಮೆಗೇ ಚಳಿಗೆ ಸಿಕ್ಕುತ್ತವೆ. ಆ ದುಡ್ಡಿಗೆ ಥರ್ಮೋಸ್ಟಾಟ್ ಇರುವ, ಚಳಿ ಹೆಚ್ಚಿದಾಗ ತಾನೇ ಬಿಸಿಯಾಗುವ ನೀರಿನ ಬಟ್ಟಲು ಕೊಂಡು ಗೂಡಿನ ಹೊರಗೆ, ಮೇಲೆ ಮಾಡು ಇರುವ ಅಂಗಳದಲ್ಲಿಡಿ. ನೀರು ಹೆಪ್ಪುಗಟ್ಟಿದರೆ ಕೋಳಿ ಮೇವನ್ನೂ ಮುಟ್ಟುವುದಿಲ್ಲ.

ಇಂತಿ,
ಒಬ್ಬ ಓದುಗ, ಸೇಂಟ್ ಪಾಲ್, ಮಿನ್ನೆಸೋಟಾ