ಟಾರ್ಚಿನ ಬೆಳಕಿಗೆ ರೈಲಿನ ವೇಗ ಕೂಡಿಸಿದ ಪಂಡಿತರು ಯಾರು?

ಮಾನ್ಯರೇ,

ಮೊನ್ನೆಯ ವಿಜ್ಞಾನ ವಸ್ತುಪ್ರದರ್ಶನದ ವರದಿಯೊಂದಿಗೆ ತಾವು ಹಾಕಿದ ಉದ್ಘಾಟಕರ ಫೋಟೊ ಚೆನ್ನಾಗಿದೆ. ಅವರ ಬೆನ್ನ ಹಿಂದಿನ ಫಲಕವನ್ನು ಯಾರಾದರೂ ಓದಿದರೇ? ಆಟಿಕೆ ರೈಲು, ಅದರ ಮೂತಿಗೊಂದು ಟಾರ್ಚ್, ಕೆಳಗೆ ದಪ್ಪಕ್ಷರದಲ್ಲಿ: ‘ನಿಲ್ದಾಣದಲ್ಲಿ ನಿಂತವರಿಗೆ ಬೆಳಕಿನ ವೇಗ = ಟಾರ್ಚಿನ ಬೆಳಕು + ರೈಲಿನ ವೇಗ’. 1905ರಲ್ಲಿ ಐನ್‌ಸ್ಟೈನ್ ತಳ್ಳಿಹಾಕಿದ್ದೇ ಇದನ್ನು. ಪಕ್ಕದಲ್ಲೇ ಅವರ ಪಟಕ್ಕೆ ಮಲ್ಲಿಗೆ ಹಾರ ಬೇರೆ!

ಗಂಟೆಗೆ 120 ಕಿ.ಮೀ. ಓಡುವ ರೈಲಿನೊಳಗೆ 5 ಕಿ.ಮೀ. ವೇಗದಲ್ಲಿ ಮುಂದಕ್ಕೆ ನಡೆಯುವವನದು 125 ಎನ್ನಿ, ಅಡ್ಡಿಯಿಲ್ಲ. ವ್ಯತ್ಯಾಸ ಬರುವುದು ದಶಮಾಂಶ ಬಿಂದುವಿನ ನಂತರ 13 ಸೊನ್ನೆ ದಾಟಿದ ಮೇಲೆ. ಸರಿಯಾದ ಲೆಕ್ಕದಲ್ಲಿ ಎರಡು ವೇಗಗಳನ್ನು ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ, 1 ಕೂಡಿಸಿ, ಬಂದದ್ದರಿಂದ ಮೊತ್ತವನ್ನು ಭಾಗಿಸಬೇಕು. ಬೆಳಕಿನ ಅರ್ಧ ವೇಗಕ್ಕೆ ಇನ್ನರ್ಧ ಕೂಡಿಸಿದರೆ ಪೂರ್ತಿಯಾಗುವುದಿಲ್ಲ, 0.8 ಆಗುತ್ತದೆ. ಎರಡರಲ್ಲಿ ಒಂದು ಬೆಳಕೇ ಆಗಿದ್ದರೆ ಉತ್ತರವೂ ಅದೇ, ಸೆಕೆಂಡಿಗೆ 29,97,92,458 ಮೀಟರ್. ರೈಲು ಓಡಿದರೆ ಬದಲಾಗುವುದು ಬೆಳಕಿನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು. ಎದುರು ನಿಂತವರಿಗೆ ಅದು ಕೂದಲೆಳೆಯಷ್ಟು ನೀಲಿಯತ್ತ ಸರಿದಿರುತ್ತದೆ, ಅಷ್ಟೆ. ಬರೀ ಪುಸ್ತಕದ ಮಾತಲ್ಲ ಇದು. 1964ರಲ್ಲಿ ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಬೆಳಕಿನ ಶೇ. 99.9ಕ್ಕಿಂತ ಹೆಚ್ಚು ವೇಗದಲ್ಲಿ ಓಡುವ ಪಯಾನ್ ಎಂಬ ಸೂಕ್ಷ್ಮ ಕಣಗಳಿಂದ ಹೊಮ್ಮಿದ ಗಾಮಾ ಕಿರಣಗಳನ್ನು ಅಳೆದಾಗಲೂ ಸಿಕ್ಕಿದ್ದು ಅದೇ ವೇಗ.

ಇನ್ನೊಂದು ಫಲಕ ಇದಕ್ಕೂ ಮಿಗಿಲು: ‘ಬೆಳಕಿನ ಮೇಲೆ ಕುಳಿತು ನೋಡಿದರೆ ಕಾಲ ನಿಲ್ಲುತ್ತದೆ’. ಕೂರುವುದೆಲ್ಲಿ ಸ್ವಾಮಿ? ಜಡತ್ವದ ಯಾವ ಚೌಕಟ್ಟಿನಿಂದ (ಅಂದರೆ ವೇಗವೂ ದಿಕ್ಕೂ ಬದಲಾಗದೆ ಸಾಗುವವರ ಜಾಗದಿಂದ) ನೋಡಿದರೂ ಬೆಳಕು ಅದೇ ವೇಗದಲ್ಲಿ ಓಡುತ್ತದೆ ಎಂದ ಮೇಲೆ, ಅದು ನಿಂತಿರುವ ಚೌಕಟ್ಟು ಬರುವುದೆಲ್ಲಿಂದ? ಓಡುವ ಗಡಿಯಾರ ನಿಧಾನವಾಗುವುದನ್ನು, ಅಂದರೆ ಕಾಲ ಹಿಗ್ಗುವುದನ್ನು ಹೇಳುವ ಸೂತ್ರದಲ್ಲಿ ವೇಗದ ಜಾಗಕ್ಕೆ ಬೆಳಕಿನ ವೇಗ ಹಾಕಿದರೆ ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದೆಂದು ಹೈಸ್ಕೂಲ್ ಮಕ್ಕಳಿಗೂ ಗೊತ್ತು.

ಐನ್‌ಸ್ಟೈನ್ ಸಿದ್ಧಾಂತ ತೋರಿಸಲು ಮಲ್ಪೆಯ ಬೋಟುಗಳ ಜಿಪಿಎಸ್ ಇಟ್ಟಿದ್ದರೆ ಸಾಕಿತ್ತು. ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, ಗುರುತ್ವ ಕಡಿಮೆಯಾಗಿ 45 ಮುಂದೆ ಓಡುತ್ತದೆ. ಉಳಿದ 38ನ್ನು ಸರಿಪಡಿಸದಿದ್ದರೆ ದೂರದ ಲೆಕ್ಕ ದಿನಕ್ಕೆ 11 ಕಿ.ಮೀ. ತಪ್ಪುತ್ತದೆ. ಮೀನುಗಾರರಿಗೆ ಬೇಕಾದ ವಿಷಯ ಬಿಟ್ಟು ಟಾರ್ಚ್ ಹಿಡಿದರು.

ಅಲ್ಲಿದ್ದವರನ್ನು ಕೇಳಿದರೆ ‘ಮೇಲಿನಿಂದ ಪ್ರಿಂಟ್ ಆಗಿ ಬಂದದ್ದು’. ದೂರು ಪುಸ್ತಕ ಕೋಣೆಯೊಳಗೆ, ಕೋಣೆಗೆ ಬೀಗ. ಆ ಸೆಕೆಯಲ್ಲಿ ಫ್ಯಾನ್ ಇದ್ದದ್ದು ವೇದಿಕೆಗೆ ಮಾತ್ರ. ಅತಿಥಿಗಳು ತಡವಾಗಿ ಬಂದರೆಂದು ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿದ್ದು ಯಾವ ವಿಜ್ಞಾನ? ಅತಿಥಿಗಳ ಕಾರುಗಳೇ ಗೇಟಿಗೆ ಅಡ್ಡ, ಉಳಿದವರ ಸ್ಕೂಟರ್ ಚರಂಡಿ ಬದಿಗೆ. ಇಂದ್ರಾಳಿ ಸೇತುವೆಯ ಕಾಮಗಾರಿಯನ್ನು ವರ್ಷಗಟ್ಟಲೆ ಎಳೆದ ಊರಲ್ಲವೇ, ಕಾಲ ಹಿಗ್ಗುವುದಕ್ಕೆ ಬೇರೆ ಮಾದರಿ ಯಾಕೆ ಬೇಕಿತ್ತೋ! ಕಲ್ಸಂಕ ವೃತ್ತದ ಟ್ರಾಫಿಕ್‌ನಲ್ಲಿ ಸಂಜೆ ಹೊತ್ತು ನಿಂತರೆ ಬೆಳಕೊಂದೇ ಮುಂದೆ ಹೋಗುವುದು.

ಸಂಬಂಧಪಟ್ಟವರು ಆ ಫಲಕಗಳನ್ನು ತಿದ್ದಲಿ, ಇಲ್ಲವೇ ಕಿತ್ತು ಬಿಸಾಡಲಿ. ಚರಂಡಿಗೂ ಒಂದು ಗತಿ ಕಾಣಿಸಲಿ. ಲಕ್ಷ ಲಕ್ಷ ಬಿಲ್ ಬರೆಯುವಾಗ ಮಾತ್ರ ಇವರಿಗೆ ಕೂಡಿಸುವ ಲೆಕ್ಕ ತಪ್ಪುವುದಿಲ್ಲ ಮಾರಾಯ್ರೆ.

– ಭೌತಶಾಸ್ತ್ರದ ಅಧ್ಯಾಪಕ, ಕುಂಜಿಬೆಟ್ಟು, ಉಡುಪಿ