ಮಗಳಿಗೊಂದು ಪತ್ರ: ಹಿಡಿಂಬೆಯ ಗುಡಿಗೆ ಹೋಗಿ ಬಂದ ಮೇಲೆ

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಮನಾಲಿಯಿಂದ ನಿನ್ನೆ ರಾತ್ರಿ ಬಂದೆವು. ಒಗೆಯುವ ಬಟ್ಟೆ ರಾಶಿ ಬಿದ್ದಿದೆ. ಇರಲಿ, ಮೊದಲು ನಿನಗೆ ಬರೆಯಬೇಕು ಅನ್ನಿಸಿತು.

ನೆನಪಿದೆಯಾ, ಮಾಟುಂಗದಲ್ಲಿ ಯಕ್ಷಗಾನ ನೋಡುವಾಗ ಹಿಡಿಂಬೆ ಅಬ್ಬರಿಸುತ್ತಾ ಬಂದಳು ಅಂತ ನೀನು ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಂಡಿದ್ದೆ? ಅದೇ ಹಿಡಿಂಬೆಯ ಗುಡಿಗೆ ಹೋಗಿದ್ದೆವು. ಅಲ್ಲಿಯವರಿಗೆ ಅವಳು ದೇವಿ. ಕುಲ್ಲು ರಾಜಮನೆತನದವರಂತೂ ಅವಳನ್ನು ಅಜ್ಜಿ ಅಂತಲೇ ಕರೆಯುತ್ತಾರೆ.

ಗುಡಿ ಇರುವುದು ಡುಂಗ್ರಿ ಕಾಡಿನಲ್ಲಿ. ಸುತ್ತ ದೇವದಾರು ಮರಗಳು, ಮಧ್ಯಾಹ್ನವೂ ತಣ್ಣಗೆ. 1553ರಲ್ಲಿ ರಾಜಾ ಬಹಾದುರ್ ಸಿಂಗ್ ಕಟ್ಟಿಸಿದ್ದು. ಒಂದರ ಮೇಲೊಂದು ನಾಲ್ಕು ಮಾಡು. ಕೆಳಗಿನ ಮೂರಕ್ಕೆ ಮರದ ಹಲಗೆ, ತುದಿಯದಕ್ಕೆ ಲೋಹ. ನಮ್ಮೂರಲ್ಲಿ ಮಳೆಗೆ ಮಾಡು ಇಳಿಸುವ ಹಾಗೆ ಅಲ್ಲಿ ಹಿಮಕ್ಕೆ.

ಬಾಗಿಲ ಚೌಕಟ್ಟು ನೀನು ನೋಡಬೇಕಿತ್ತು. ಬೆರಳಿಡಲೂ ಜಾಗ ಬಿಡದೆ ಕೆತ್ತಿದ್ದಾರೆ. ದೇವರು, ಪ್ರಾಣಿ, ಬಳ್ಳಿ. ಮರ ಕಪ್ಪಾಗಿದೆ, ಗೆರೆ ಅಳಿಸಿಲ್ಲ. ಗೋಡೆಗೆ ಕಾಡುಪ್ರಾಣಿಗಳ ಕೊಂಬು ತೂಗುಹಾಕಿದ್ದಾರೆ. ಬಾಗಿಲು ಗಿಡ್ಡ, ಅಪ್ಪ ಸೊಂಟ ಬಗ್ಗಿಸಿಯೇ ಒಳಗೆ ಹೋದರು. ದೊಡ್ಡ ವಿಗ್ರಹ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಒಂದು ದೊಡ್ಡ ಬಂಡೆ, ದೇವಿಯ ಪಾದದ ಗುರುತು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮೂರ್ತಿ. ಅವಳು ತಪಸ್ಸು ಮಾಡಿದ್ದು ಇಲ್ಲೇ ಅಂತ ನಂಬಿಕೆ.

ಕೈ ಮುಗಿಯುವಾಗ ಕಣ್ಣು ತುಂಬಿ ಬಂತು ಪುಟ್ಟಿ. ಭೀಮ ತಾಯಿ, ಅಣ್ಣತಮ್ಮಂದಿರ ಜೊತೆ ಹೊರಟುಹೋದ. ಮಗನನ್ನು ಸಾಕಿದವಳು ಇವಳೇ ಅಲ್ವಾ? ಆ ಮಗನೂ ಕುರುಕ್ಷೇತ್ರದಲ್ಲಿ ಹೋದ. ಮುಂದೆ ಅವಳೇನಾದಳು ಅಂತ ನಾವು ಯಾರೂ ಕೇಳಲಿಲ್ಲ. ಆ ಬೆಟ್ಟದ ಜನ ಅವಳ ಕೈ ಬಿಡಲಿಲ್ಲ. ನಮ್ಮ ಮೈಸೂರು ದಸರಾ ಮುಗಿಯುವ ದಿನ ಕುಲ್ಲು ದಸರಾ ಶುರು. ಅದೂ ಅವಳು ಬಂದ ಮೇಲೆಯೇ.

ಘಟೋತ್ಕಚನೂ ಹತ್ತಿರದಲ್ಲೇ ಇದ್ದಾನೆ. ಒಂದು ಮರದ ಬುಡವೇ ಅವನ ಗುಡಿ. ಗೋಡೆಯೂ ಇಲ್ಲ, ಮಾಡೂ ಇಲ್ಲ. ಅಮ್ಮ ಕರೆದರೆ ಕೇಳಿಸುವಷ್ಟು ದೂರ. ಅಲ್ಲಿ ಜಾಸ್ತಿ ಹೊತ್ತು ನಿಂತುಬಿಟ್ಟೆ. ಅಪ್ಪ ಎರಡು ಸಲ ಕೂಗಿದರು.

ಮೇ ತಿಂಗಳಲ್ಲಿ ಅಲ್ಲಿ ಜಾತ್ರೆ. ರಜೆ ಸಿಗುತ್ತಾ ಈಗಲೇ ಕೇಳಿಡು. ನಿನಗೊಂದು ಕುಲ್ಲು ಶಾಲು ತಂದಿದ್ದೇನೆ, ನಾಳೆ ಅಪ್ಪ ಕೊರಿಯರ್ ಮಾಡುತ್ತಾರೆ.

ನಿನ್ನ ಅಮ್ಮ