ಗೆಳೆಯನಿಗೊಂದು ಪತ್ರ: ಕಡಲು ದಾಟಿದ ಡಚ್ ನಾಟಕ

ಪ್ರಿಯ ಗೆಳೆಯ,

ನೀತಿ ಹೇಳುವ ನಾಟಕಗಳು ಹುಟ್ಟಿದ ಊರಲ್ಲಿಯೇ ಸಾಯುತ್ತವೆ ಎಂದು ಬರೆದಿದ್ದೆಯಲ್ಲ, ಅದನ್ನು ನಾನು ಒಪ್ಪಲಾರೆ. ಡಚ್ ನಾಟಕಕಾರ ಹರ್ಮನ್ ಹೈಯರ್ಮನ್ಸ್ ಬರೆದ ‘ಓಪ್ ಹೋಪ್ ಫಾನ್ ಸೇಖನ್’ (‘ಆಶೀರ್ವಾದದ ಭರವಸೆಯಲ್ಲಿ’) ನಾಟಕವನ್ನೇ ನೋಡು. 1900ರ ಡಿಸೆಂಬರ್‌ನಲ್ಲಿ, ಹತ್ತೊಂಬತ್ತನೆಯ ಶತಮಾನ ಮುಗಿಯಲು ವಾರವಿದ್ದಾಗ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು.

ಕ್ನೀರ್ಟ್ಯೆ ಮೀನುಗಾರರ ಹಳ್ಳಿಯ ವಿಧವೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಡಲು ಈಗಾಗಲೇ ನುಂಗಿದೆ. ಉಳಿದ ಇಬ್ಬರು ಮಕ್ಕಳೂ ಬಾಸ್ ಎಂಬ ಮಾಲೀಕನ ಹಡಗು ಹತ್ತಬೇಕು. ಅದರ ಹಲಗೆಗಳು ಕೊಳೆತಿವೆಯೆಂದು ಹಡಗಿನ ಬಡಗಿಗೆ ಗೊತ್ತು. ಕಿರಿಯವನಾದ ಬಾರೆಂಡ್‌ಗೆ ಕಡಲೆಂದರೆ ಜೀವಭಯ. ತಾಯಿ ಅವನಿಗೆ ಅಪ್ಪನ ಕಿವಿಯ ಓಲೆಗಳನ್ನು ತೊಡಿಸುತ್ತಾಳೆ. ಆದರೂ ಹುಡುಗ ಬಾಗಿಲಿನ ಚೌಕಟ್ಟನ್ನು ಅವುಚಿ ಹಿಡಿಯುತ್ತಾನೆ. ಪೊಲೀಸರು ಅವನನ್ನು ಎಳೆದೊಯ್ಯುತ್ತಾರೆ. ಹೋಗಲೇಬೇಕೆಂದು ಹಟ ಹಿಡಿದವಳು ಹೆತ್ತ ತಾಯಿಯೇ! ಹೊಟ್ಟೆಪಾಡು ಅವಳ ಬಾಯಲ್ಲಿ ಹಾಗೆ ಮಾತಾಡಿಸುತ್ತದೆ. ಓದುವಾಗ ಎದೆ ಹಿಂಡಿದಂತಾಗುತ್ತದೆ.

ಹಿರಿಯ ಮಗ ಗೇರ್ಟ್‌ನ ಬಾಯಲ್ಲಿ ಭಾಷಣಗಳಿವೆ, ಅಲ್ಲಗಳೆಯುವುದಿಲ್ಲ. ಅವು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಕೊನೆಯ ಅಂಕ ನಡೆಯುವುದು ಬಾಸ್‌ನ ಕಚೇರಿಯಲ್ಲಿ. ಹಡಗು ಮುಳುಗಿದೆ, ಮಾಲೀಕನಿಗೆ ವಿಮೆಯುಂಟು. ಕ್ನೀರ್ಟ್ಯೆಗೆ ಸಿಗುವುದು ಮಾಲೀಕನ ಹೆಂಡತಿ ಕೊಟ್ಟ ಎನಾಮೆಲ್ ಪಾತ್ರೆಯಲ್ಲಿನ ಒಂದಿಷ್ಟು ಊಟ. ಅದನ್ನು ಕೊಡುವ ಹೆಂಗಸು ಕೆಟ್ಟವಳಲ್ಲ, ಕರುಣೆಯಿಂದಲೇ ಕೊಡುತ್ತಾಳೆ. ಆ ಕರುಣೆಯೇ ನನಗೆ ಸಹಿಸಲಾಗದ್ದು.

ಈ ನಾಟಕ ಎಲ್ಲೆಲ್ಲಿ ಹೋಯಿತು ಗೊತ್ತೇ? 1903ರಲ್ಲಿ ಇಂಗ್ಲೆಂಡಿನಲ್ಲಿ ನಟಿ ಎಲೆನ್ ಟೆರ‍್ರಿ ಕ್ನೀರ್ಟ್ಯೆಯ ಪಾತ್ರ ವಹಿಸಿದರು. 1927ರಲ್ಲಿ ನಟಿ ಇವಾ ಲ ಗ್ಯಾಲಿಯೆನ್ ಅವರ ತಂಡ ನ್ಯೂಯಾರ್ಕ್‌ನಲ್ಲಿ ಆಡಿತು. ನನ್ನ ಮನಸ್ಸು ನಿಲ್ಲುವುದು ಮಾತ್ರ 1913ರ ಮಾಸ್ಕೋದಲ್ಲಿ. ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಕಟ್ಟಿದ ‘ಮೊದಲ ಸ್ಟುಡಿಯೋ’ ಎಂಬ ಪ್ರಯೋಗ ತಂಡದ ಹುಡುಗ ಹುಡುಗಿಯರು ತಮ್ಮ ಚೊಚ್ಚಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಇದನ್ನೇ, ನಿರ್ದೇಶಕ ಬೊಲೆಸ್ಲಾವ್‌ಸ್ಕಿ. ವೃದ್ಧಾಶ್ರಮದ ಮುದುಕ ಕೋಬುಸ್‌ನ ಪಾತ್ರ ಮಾಡಿದ ಮಿಖಾಯಿಲ್ ಚೆಕಾವ್‌ಗೆ ಆಗ ಇಪ್ಪತ್ತೆರಡೂ ತುಂಬಿರಲಿಲ್ಲ. ಮೂರನೆಯ ಅಂಕದಲ್ಲಿ ಬಿರುಗಾಳಿಯ ರಾತ್ರಿ ಹೆಂಗಸರು ಒಂದೇ ಮನೆಯಲ್ಲಿ ಸೇರಿ, ಕಡಲಿಗೆ ಕೊಟ್ಟವರ ಕಥೆ ಹೇಳುತ್ತಾರೆ. ನಟರು ಪ್ರೇಕ್ಷಕರ ಕೈಗೆಟಕುವಷ್ಟು ಹತ್ತಿರವಿದ್ದ ಆ ಪುಟ್ಟ ಜಾಗದಲ್ಲಿ ದನಿ ಏರಿಸುವ ಅಗತ್ಯವೇ ಇರಲಿಲ್ಲ. ಡಚ್ ಕಡಲತೀರವನ್ನು ಕಾಣದ ಜನರಿಗೂ ಅದು ದಕ್ಕಿತು.

ನೆದರ್ಲೆಂಡ್ಸ್‌ನಲ್ಲಿ 1909ರಲ್ಲಿ ಹಡಗುಗಳ ಸುರಕ್ಷತೆಗೆ ಕಾಯ್ದೆ ಬಂದಾಗ ಈ ನಾಟಕವನ್ನು ನೆನೆದವರು ಅನೇಕರು. ಕಾಯ್ದೆಯ ಕೀರ್ತಿಯನ್ನೆಲ್ಲ ಇದಕ್ಕೇ ಕಟ್ಟುವುದು ಅತಿಯಾದೀತು.

ಇಂಗ್ಲಿಷ್ ಅನುವಾದ ಸಿಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಅಂಕಗಳನ್ನು ಒಂದೇ ಓಟಕ್ಕೆ ಓದು. ಆಮೇಲೂ ನಿನ್ನ ಮಾತಿಗೇ ನೀನು ಅಂಟಿಕೊಂಡರೆ ಕಾರಣ ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ